ಸಾಲಿಯ ಗುಡಿಸು ಎಲ್ಲಿ ಹೋಯಿತು?

ವಿಶ್ವವಿದ್ಯಾಲಯದ ‘ಎಲ್ಲರನ್ನೂ ಒಳಗೊಳ್ಳುವ ಸಂಶೋಧನಾ ಸಮಿತಿ’ಯ ಅಧ್ಯಕ್ಷರಿಗೆ,

ಮಾನ್ಯರೇ, ತಾವು ಮುಂದಿನ ತಿಂಗಳು ಪುಸ್ತಕವಾಗಿ ಅಚ್ಚು ಹಾಕಿಸಲಿರುವ ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಮೂವತ್ತೊಂದು ಸುಳ್ಳುಗಳಿವೆ. ಬರೆದವಳು ನಾನೇ. ತಿದ್ದಲು ಅವಕಾಶ ಕೇಳಿ ಮೂರು ಅರ್ಜಿ ಕೊಟ್ಟೆ. ‘ಪದವಿ ಪ್ರದಾನವಾದ ನಂತರ ತಿದ್ದುಪಡಿಗೆ ನಿಯಮದಲ್ಲಿ ಅವಕಾಶವಿಲ್ಲ’ ಎಂದು ತಮ್ಮ ಕಚೇರಿ ಮೂರೂ ಸಲ ಒಂದೇ ಉತ್ತರ ಕಳಿಸಿತು. ಸುಳ್ಳಿಗೆ ಪದವಿ ಕೊಡಲು ನಿಯಮವಿದೆ, ಅದನ್ನು ನಿಜ ಮಾಡಲು ಇಲ್ಲ ಎಂದು ತಿಳಿದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನನ್ನ ಪರಿಚಯ ತಮಗಿದೆ. ತಮ್ಮ ಸಮಿತಿಯ ಕೈಪಿಡಿಯ ಮುಖಪುಟದಲ್ಲಿ ಹಲ್ಲು ಕಿರಿದುಕೊಂಡು ನಿಂತವಳು ನಾನು. ಮಹಿಳೆ, ದಲಿತೆ, ಗ್ರಾಮೀಣಳು. ಒಬ್ಬಳೇ ಮೂರು ಕಾಲಂ ತುಂಬುತ್ತೇನೆ. ತಪಾಸಣಾ ತಂಡ ಬಂದಾಗಲೆಲ್ಲ ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ನಾನೂ ಅಕ್ಕನ ಮದುವೆಯ ಸೀರೆ ಕಡ ತಂದು, ಉಟ್ಟು, ಅರ್ಧ ತಾಸು ಮುಂಚೆಯೇ ಹೋಗಿ ಕೂರುತ್ತಿದ್ದೆ. ಅಷ್ಟು ಬೇಗ ಬಾ ಎಂದು ಯಾರೂ ಹೇಳಿರಲಿಲ್ಲ.

ನನ್ನ ವಿಷಯ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ನಡುವೆಯೇ ಶಾಲೆ ಬಿಟ್ಟ ಹೆಣ್ಣುಮಕ್ಕಳು. ನಮ್ಮ ಕಡೆ ಶಾಲೆಗೆ ‘ಸಾಲಿ’ ಎನ್ನುತ್ತಾರೆ. ಮೊದಲ ವರ್ಷದ ವಿಚಾರಗೋಷ್ಠಿಯಲ್ಲಿ ಈ ಶಬ್ದ ಬಾಯಿ ತಪ್ಪಿ ಬಂದು, ಇಡೀ ಸಭೆ ನಕ್ಕಿತ್ತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅಂದಿನಿಂದ ವಿಭಾಗದ ಮೆಟ್ಟಿಲು ಹತ್ತುವ ಮೊದಲು ನಮ್ಮೂರ ಮಾತನ್ನು ಚಪ್ಪಲಿಯ ಜೊತೆ ಹೊರಗೆ ಬಿಡುವುದು ರೂಢಿಯಾಯಿತು.

ಆದರೂ ಪ್ರಬಂಧದಲ್ಲಿ ಹೆಂಗಸರ ಮಾತನ್ನು ಅವರು ಆಡಿದಂತೆಯೇ ಇಳಿಸಿದ್ದೆ. ಮೊದಲ ಮಾತು ನಮ್ಮವ್ವ ಚೌಡವ್ವನದು: “ನಾ ನಾಕನೇ ಇಯತ್ತೆ ಇದ್ದಾಗ ಸಾವ್ಕಾರ್ರು ನನ್ನ ಸಾಲಿ ಬಿಡಿಸಿದ್ರು. ತಮ್ಮ ವಾಡೇದ ಅಂಗಳ ಗುಡಸಾಕ ಹಚ್ಚಿದ್ರು.” ಬೇರೆ ಸೀಮೆಯವರಾದ ನನ್ನ ಮಾರ್ಗದರ್ಶಕರು ‘ಸಾಲಿ’ಯ ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಸಾಲ’ ಎಂದು ಬರೆದರು. ಸಾಹುಕಾರ ಎಂದ ಮೇಲೆ ಸಾಲವೇ ತಾನೇ? “ಎಲ್ಲ ಕಡೆ ಒಂದೇ ರೀತಿ ತಿದ್ದಿ, ಶಿಷ್ಟವಾಗಿರಲಿ” ಎಂದರು.

‘ಸರ್, ಸಾಲಿ ಅಂದ್ರೆ ಶಾಲೆ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಶಬ್ದವನ್ನು ಮತ್ತೆ ಅಲ್ಲಿ ಬಾಯಿಬಿಟ್ಟು ಹೇಳಬೇಕಿತ್ತಲ್ಲ! “ಆಯ್ತು ಸರ್” ಎಂದೆ. ಆಮೇಲೆ ಸರಿಮಾಡಿಕೊಂಡರಾಯಿತು ಎಂದು ಕಂಪ್ಯೂಟರಿನಲ್ಲಿ ‘ಎಲ್ಲವನ್ನೂ ಬದಲಿಸು’ ಒತ್ತಿದೆ. ‘ಸಾಲಗೆ’ ಎಂದಾದ ಕಡೆ ವ್ಯಾಕರಣ ಕೆಡಬಾರದೆಂದು ಕೈಯಾರೆ ‘ಸಾಲಕ್ಕೆ’ ಮಾಡಿದೆ. ಒಪ್ಪಿಸುವ ಕೊನೆಯ ದಿನ ಬಂತು. ‘ಆಮೇಲೆ’ ಬರಲಿಲ್ಲ.

ಹೀಗೆ ಅವ್ವನ ಓದು ಕಸಿದ ಸಾಹುಕಾರ ನನ್ನ ಪ್ರಬಂಧದಲ್ಲಿ ಅವಳ ಸಾಲ ಬಿಡಿಸಿದ ಪುಣ್ಯಾತ್ಮನಾದ. ಹಿರೇಕೆರೂರಿನ ಉಡಚವ್ವ ‘ಸಾಲಕ್ಕೆ ಹೋಗಬೇಕೆಂದು ಮೂರು ದಿನ ಉಣ್ಣದೆ ಅತ್ತಳು’. ಬಂಕಾಪುರದ ಫರ್ಹತಳಿಗೆ ‘ಸಾಲವೆಂದರೆ ಬಲು ಪ್ರೀತಿ’. ಪರೀಕ್ಷಕರು ‘ಗ್ರಾಮೀಣ ಋಣಸಂಬಂಧದ ಮೇಲೆ ಹೊಸ ಬೆಳಕು’ ಎಂದು ಹೊಗಳಿದರು. ತಾವು ‘ದನಿಯಿಲ್ಲದವರ ದನಿ’ ಎಂದು ಕರೆದು ಪುಸ್ತಕಮಾಲೆಗೆ ಆರಿಸಿದಿರಿ. ಇಷ್ಟು ಪಂಡಿತರಲ್ಲಿ ಒಬ್ಬರಾದರೂ ಅದನ್ನು ಓದಿದ್ದರೇ? ಇರಲಿ, ಕೇಳುವ ಬಾಯಿ ನನಗಿಲ್ಲ. ಬರೆದವಳೇ ಕಣ್ಣು ಮುಚ್ಚಿಕೊಂಡಿದ್ದಳು.

ಓದಿದವಳು ಅವ್ವ. ಹತ್ತಿಮತ್ತೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಅಕ್ಷರ ಅಕ್ಷರಕ್ಕೆ ಬೆರಳಿಟ್ಟು, ಹನ್ನೊಂದು ದಿನ ಓದಿದಳು. ಆಮೇಲೆ ಕರೆದಳು.

“ಮಧು, ನಾ ಯಾವಾಗ ಸಾಲಾ ಮಾಡಿದ್ದೆ? ಲ ಗುಡಿಸು ಲಿ. ಗುಡಿಸು ಎಲ್ಲಿ ಹೋತು?”

“ಸರ್ ತಿದ್ದಿದ್ರವ್ವ.”

“ಅವರಿಗೆ ಗೊತ್ತಿಲ್ಲ, ತಿದ್ದಿದ್ರು. ನಿನಗ ಗೊತ್ತಿತ್ತಲ್ಲ?”

ಅವ್ವ ಪ್ರಬಂಧ ಮುಚ್ಚಿ ನನ್ನ ಕೈಗಿಟ್ಟಳು.

“ಸಾವ್ಕಾರ ನನ್ನ ಒಂದ ಸಲ ಸಾಲಿ ಬಿಡಿಸಿದ. ನೀ ಮೂವತ್ತೊಂದು ಸಲ ಬಿಡಿಸಿದಿ.”

ನನಗೆ ನಾಚಿಕೆಯಾಯಿತು. ಇದನ್ನು ಬರೆಯುವಾಗಲೂ ಆಗುತ್ತಿದೆ. ಅವ್ವನನ್ನು ಅಂಗಳ ಗುಡಿಸಲು ಹಚ್ಚಿದವನು ಸಾಹುಕಾರ; ಅವಳ ಗುಡಿಸನ್ನೇ ಗುಡಿಸಿ ಹಾಕಿದವಳು ಡಾಕ್ಟರೇಟ್ ಪಡೆದ ಮಗಳು.

ನಾನೇ ತಮ್ಮ ಕಚೇರಿಗೆ ಬಂದು ಗೋಗರೆದಾಗ ಅಲ್ಲಿಯವರು, “ಪುಸ್ತಕಕ್ಕಾದರೆ ಅರ್ಹ ತಜ್ಞರೊಬ್ಬರು ತಿದ್ದಿದ ಪ್ರತಿ ತನ್ನಿ, ನೋಡೋಣ” ಎಂದಿದ್ದರು. ತಂದಿದ್ದೇನೆ. ಅವ್ವ ನೀಲಿ ಪೆನ್ನಿನಿಂದ ಮೂವತ್ತೊಂದು ಕಡೆಯೂ ಗುಡಿಸು ಹಾಕಿದ್ದಾಳೆ. ‘ಕ್ಕೆ’ ಇದ್ದಲ್ಲಿ ಹೊಡೆದು ‘ಗೆ’ ಮಾಡಿದ್ದಾಳೆ. ಆ ಪ್ರತಿ ಈ ಪತ್ರದ ಜೊತೆಗಿದೆ. ಅಚ್ಚು ನಿಲ್ಲಿಸಿ, ಇದರಂತೆಯೇ ಮುದ್ರಿಸಬೇಕು. ಇನ್ನು ಮುಂದೆ ಯಾರದೇ ಪ್ರಬಂಧಕ್ಕೆ ಪದವಿ ಕೊಡುವ ಮೊದಲು, ಅದರಲ್ಲಿ ಯಾರ ಮಾತಿದೆಯೋ ಅವರೆದುರು ಅದನ್ನು ಓದಿಸಬೇಕು. ನಾಲ್ಕನೇ ಇಯತ್ತೆಯವರ ತಿದ್ದುಪಡಿ ನಡೆಯದು ಎನ್ನುವುದಾದರೆ ನನ್ನ ಪದವಿಯನ್ನೂ ವಾಪಸು ತೆಗೆದುಕೊಳ್ಳಿ, ಕೈಪಿಡಿಯ ಮುಖಪುಟಕ್ಕೆ ಬೇರೆ ಹಲ್ಲು ಹುಡುಕಿ. ಅವ್ವ ನಾಲ್ಕಕ್ಕೇ ನಿಂತದ್ದು ಅವಳ ತಪ್ಪಲ್ಲ. ಯಾರ ತಪ್ಪು ಎಂಬುದು ಪ್ರಬಂಧದಲ್ಲಿದೆ, ಗುಡಿಸು ಹಾಕಿ ಓದಿದರೆ.

ಇಂತಿ,
ಮೂರು ಕಾಲಂ ತುಂಬಿಯೂ ಒಂದು ಗುಡಿಸು ಉಳಿಸಿಕೊಳ್ಳಲಾರದ,
ಸದ್ಯಕ್ಕೆ ಡಾ. ಮಧುಶ್ರೀ, ಹತ್ತಿಮತ್ತೂರು

ತಿದ್ದಿದವರು: ಚೌಡವ್ವ, ನಾಲ್ಕನೇ ಇಯತ್ತೆ