ಚಟ್ನಿ ಮೊದಲೋ, ಕೆಂಡ ಮೊದಲೋ

ಅಪ್ಪಾ,

ಇವತ್ತೂ ಮೀನಿನ ತುಂಡುಗಳನ್ನು ಉಪ್ಪು, ಖಾರ, ನಿಂಬೆರಸದಲ್ಲಿ ನೆನೆಸಿ, ಕೆಂಡದ ಮೇಲೆ ಸುಟ್ಟು, ಇಳಿಸಿದ ಮೇಲೆಯೇ ಹಸಿ ಕೊತ್ತಂಬರಿ-ಪುದೀನ ಚಟ್ನಿ ಸುರಿದೆ. ಸುಡುವ ಮೊದಲೇ ಹಚ್ಚಬೇಕೆಂದು ನೀನು, ಸೊಪ್ಪು ಕರಕಲಾಗುತ್ತದೆಂದು ನಾನು. ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ಅದಕ್ಕೇ ತಾನೆ ನಿನ್ನ ಹೋಟೆಲು ಬಿಟ್ಟು, ಎದುರಿಗೇ ನನ್ನದು ತೆರೆದದ್ದು! ತಪ್ಪಾಯಿತು ಅನ್ನುವುದಿಲ್ಲ.

ಮಧ್ಯಾಹ್ನ ಚಿಕ್ಕಪ್ಪ ಬಂದು ತಿಂದು, ಬೆರಳು ನೆಕ್ಕುತ್ತಾ ಹೇಳಿದರು: “ನೀನು ಹೋದ್ಮೇಲೆ ಅಣ್ಣನೂ ಹಿಂಗೇ ಮಾಡ್ತಿದ್ದ ಕಣೇ. ಅವಳಿಗೆ ಮಾತ್ರ ಹೇಳ್ಬೇಡ ಅಂತ ಸಾಯೋವರೆಗೂ ನನ್ನ ಬಾಯಿ ಕಟ್ಟಿದ್ದ.”

ಜೋರಾಗಿ ನಕ್ಕೆ. ಗೆದ್ದೆನಲ್ಲ!

ಬಾಲದ ತುಂಡೊಂದಕ್ಕೆ ಮಾತ್ರ ದಿನವೂ ಮೊದಲೇ ಚಟ್ನಿ ಹಚ್ಚಿ ಸುಡುತ್ತೇನೆ, ನನ್ನ ಊಟಕ್ಕೆ. ಅದನ್ನು ಚಿಕ್ಕಪ್ಪನಿಗೆ ಹೇಳಲಿಲ್ಲ. ನೀನು ಬದುಕಿದ್ದರೆ ನಿನಗೂ ಹೇಳುತ್ತಿರಲಿಲ್ಲ.