ಬಿಳಿ ಕೂದಲಲ್ಲಿ ನಿಲ್ಲದ ಚಿತ್ರ

ಗುರುವಾರ, ಮಧ್ಯಾಹ್ನ

ಮುದ್ದು ಅಕ್ಕನಿಗೆ ತಂಗಿಯ ಪ್ರೀತಿ, ಜೊತೆಗೆ ಸ್ವಲ್ಪ ಹೆದರಿಕೆ.

ಫೋನ್ ಮಾಡುವುದು ಬಿಟ್ಟು ಇದೇನು ಕಾಗದ ಎಂದು ಹುಬ್ಬೇರಿಸಬೇಡ. ಈ ಎರಡು ಕೋಣೆಯ ಮನೆಯಲ್ಲಿ ಅಮ್ಮನ ಕಿವಿಗೆ ಬೀಳದಂತೆ ಮಾತಾಡಲು ಬಚ್ಚಲುಮನೆಯೊಂದೇ ಗತಿ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಹೊರಗೆ ಹೋಗಿ ಮಾಡಿದರೂ ನೀನು ಪೂರ್ತಿ ಕೇಳುವ ಮೊದಲೇ ಬೈಯುತ್ತೀಯ. ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಹೇಗೋ ಬರೆದು ಮುಗಿಸುತ್ತೇನೆ, ಪೂರ್ತಿ ಓದು.

ಮೊದಲು ನಿನ್ನ ಚಿತ್ರದ ವಿಷಯ. ನಿಮ್ಮ ಮನೆಯಲ್ಲಿ ಅಮ್ಮನಿಗೆಂದು ಸಿದ್ಧಮಾಡಿರುವ ಕೋಣೆಯ ಗೋಡೆಗೆ ಒಂದು ಫೋಟೋದೊಳಗೆ ಇನ್ನೊಂದು ಕಾಣುವ ಡಬಲ್ ಎಕ್ಸ್‌ಪೋಷರ್ ಚಿತ್ರ ಬೇಕು, ಅಮ್ಮನ ತಲೆಯೊಳಗೆ ನಿನ್ನ ಅವಳಿ ಮರಿಗಳು ನಗುತ್ತಿರಬೇಕು ಎಂದಿದ್ದೆಯಲ್ಲ. 'ಫೋಟೋ ಎಡಿಟಿಂಗ್ ಕ್ಲಾಸಿಗೆ ಹೋಗ್ತೀಯಲ್ಲ, ಇಷ್ಟೂ ಬರಲ್ವಾ' ಎಂದು ಚುಚ್ಚಿದ್ದೂ ನೆನಪಿದೆ. ಬರುತ್ತದೆ, ಮಹಾತಾಯಿ. ಅಮ್ಮನನ್ನು ಬಿಳಿ ಗೋಡೆಯ ಮುಂದೆ ಪಕ್ಕಕ್ಕೆ ತಿರುಗಿಸಿ ಕೂರಿಸಿ ಫೋಟೋ ತೆಗೆದೆ. ಕಂಪ್ಯೂಟರಿನಲ್ಲಿ ಅದರ ಮೇಲೆ ಮಕ್ಕಳ ಫೋಟೋ ಇಟ್ಟು, ಎರಡೂ ಬೆರೆಯಲೆಂದು 'ಸ್ಕ್ರೀನ್' ಎಂಬ ಆಯ್ಕೆ ಒತ್ತಿದೆ. ಹಾಗೆ ಮಾಡಿದರೆ ಕೆಳಗಿನ ಚಿತ್ರ ಎಲ್ಲಿ ಕಪ್ಪಗಿದೆಯೋ ಅಲ್ಲಿ ಮಾತ್ರ ಮೇಲಿನದು ಕಾಣುತ್ತದೆ, ಬೆಳ್ಳಗಿರುವ ಕಡೆ ಅಳಿಸಿಹೋಗುತ್ತದೆ. ಅಮ್ಮನ ಕೂದಲು ಈಗ ಹತ್ತಿಯಷ್ಟು ಬಿಳಿ. ದೊಡ್ಡವನ ಮುಖವೆಲ್ಲ ಮಾಯವಾಗಿ ಒಂದು ಕಾಲು ಮಾತ್ರ ಅವಳ ಹುಬ್ಬಿನ ಮೇಲೆ ಉಳಿಯಿತು. ಚಿಕ್ಕವಳು ಕಿವಿಯ ಹತ್ತಿರ ಓಲೆಯ ಹಾಗೆ ಜೋತುಬಿದ್ದಳು.

ಕ್ಲಾಸಿನ ಮೇಷ್ಟ್ರನ್ನು ಕೇಳಿದೆ. 'ಅದೇನ್ ಮಹಾ, ಕೂದಲನ್ನ ಮಾತ್ರ ಕಪ್ಪು ಮಾಡಿ' ಅಂದರು. ಮಾಡಿದೆ. ಮಕ್ಕಳಿಬ್ಬರೂ ಅಚ್ಚುಕಟ್ಟಾಗಿ ಬಂದು ಕೂತರು. ಕುಣಿದಾಡುತ್ತಾ ಅಮ್ಮನನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, 'ನನ್ ತಲೇಲಿ ಮಕ್ಕಳನ್ನ ತುಂಬೋಕೆ ಅಂತ ಕೂದಲಿಗೆ ಮಸಿ ಬಳಿದ್ಯಾ?' ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಅಮ್ಮನ ಕೂದಲು ಯಾವಾಗ ಬೆಳ್ಳಗಾಯಿತು ಎಂದು ಈಗ ಕೇಳುತ್ತಿದ್ದೀಯ, ಅಲ್ಲವೇ? ನೀನು ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅವಳು ತಲೆಗೆ ಟವೆಲ್ ಸುತ್ತಿಕೊಂಡು ಬಂದು, ಈಗ ತಾನೇ ಸ್ನಾನ ಆಯಿತು ಅನ್ನುತ್ತಾಳೆ. ಅದು ಅರ್ಧ ನಿಜ. ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಅಮ್ಮ ಈಜು ಕಲಿಯುತ್ತಿದ್ದಾಳೆ. ಕೊಳದ ನೀರಿಗೆ ಬಣ್ಣ ಬಿಡುತ್ತದೆಂದು ಡೈ ಹಚ್ಚುವುದನ್ನೇ ನಿಲ್ಲಿಸಿದಳು. ನಿನಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಗೊತ್ತಾದರೆ, ಈಜಲು ಪುರುಸೊತ್ತಿದೆ, ಮೊಮ್ಮಕ್ಕಳಿಗೆ ಮಾತ್ರ ಇಲ್ಲವೇ ಎಂದು ನೀನು ಕೇಳುತ್ತೀಯಂತೆ. ಕೇಳುವವಳೇ ನೀನು, ಬಿಡು.

ಚಿತ್ರ ತೋರಿಸಿದೆನಲ್ಲ, ಅವತ್ತು ಅವಳು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. 'ಜೀವನ ಪೂರ್ತಿ ಗಡಿಯಾರ ನೋಡ್ಕೊಂಡು ಓಡಿದೀನಿ ಕಣೇ. ರಾತ್ರಿ ಪಾಳಿ ಮುಗಿಸ್ಕೊಂಡು ಬಂದು, ನಿದ್ದೆಗಣ್ಣಲ್ಲೇ ನಿಮ್ಮಿಬ್ಬರಿಗೂ ಜಡೆ ಹಾಕಿದೀನಿ. ಮೊಮ್ಮಕ್ಕಳು ಅಂದ್ರೆ ನಂಗೆ ಜೀವ. ಅವ್ರನ್ನ ನೋಡೋಕೆ ಬರ್ತೀನಿ, ನೋಡ್ಕೊಳ್ಳೋಕೆ ಬರಲ್ಲ. ಇದನ್ನ ನಿಮ್ಮಕ್ಕಂಗೆ ಹೇಳೋ ಧೈರ್ಯ ನಂಗಿಲ್ಲ.' ಇಷ್ಟು ಹೇಳಿದವಳೇ, ತನ್ನ ಮಾತಿಗೆ ತಾನೇ ಬೆಚ್ಚಿ, ಒಣಗಿದ ಬಟ್ಟೆ ಮಡಚಲು ಎದ್ದುಹೋದಳು.

ಅಕ್ಕಾ, ನಿನ್ನ ಹೆರಿಗೆ ರಜೆ ಮುಗಿಯುತ್ತಾ ಬಂತು. ಭಾವನದು ಊರೂರು ಸುತ್ತುವ ಕೆಲಸ. ಮಕ್ಕಳನ್ನು ನೋಡಿಕೊಳ್ಳುತ್ತೇನೆಂದ ಹೆಂಗಸು ಕೈಕೊಟ್ಟಳು. ಅದಕ್ಕೇ ಅಮ್ಮನನ್ನು ಕರೆಯುತ್ತಿದ್ದೀಯ, ಎಲ್ಲ ಗೊತ್ತು. ಅಮ್ಮನನ್ನು ನನ್ನ ಹತ್ತಿರವೇ ಇಟ್ಟುಕೊಳ್ಳಲು ಕತೆ ಕಟ್ಟುತ್ತಿದ್ದೇನೆ ಅಂದುಕೊಂಡರೆ ಅಂದುಕೋ. ಅವಳು ಹೊರಟರೆ ಈ ಮನೆ ನನ್ನನ್ನು ತಿನ್ನಲು ಬರುತ್ತದೆ, ಅದೂ ನಿಜ. ಆದರೆ ಮೊನ್ನೆ ಕೊಳದ ಹತ್ತಿರ ಹೋಗಿದ್ದೆ. ಅಮ್ಮ ಕಂಬಿಯಿಂದ ಕೈ ಬಿಟ್ಟು, ಎದೆಮಟ್ಟದ ನೀರಿನಲ್ಲಿ ಕಾಲು ಬಡಿಯುತ್ತಾ ಸ್ವಲ್ಪ ದೂರ ಹೋಗಿ, ಒದ್ದೆ ಮುಖ ಎತ್ತಿ ತನ್ನಷ್ಟಕ್ಕೆ ತಾನು ನಕ್ಕಳು. ನಾನು ಬಂದಿದ್ದು ಅವಳಿಗೆ ಗೊತ್ತಿರಲಿಲ್ಲ. ಅಂಥ ನಗುವನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನೀನು ನೋಡಿದ್ದೀಯಾ? ಅವಳನ್ನು ಕೂಗದೆ ಹಾಗೆಯೇ ಹಿಂದಿರುಗಿ ಬಂದೆ.

ಪ್ರತಿ ಶನಿವಾರ, ಭಾನುವಾರ ನಾನು ಬರುತ್ತೇನೆ. ಡೈಪರ್ ಬದಲಿಸುವುದು ನನಗೆ ಗೊತ್ತಿಲ್ಲ, ನಿನ್ನ ಹತ್ತಿರ ಬೈಸಿಕೊಂಡು ಕಲಿಯುತ್ತೇನೆ. ಉಳಿದ ದಿನಗಳಿಗೆ ಇಬ್ಬರೂ ಸೇರಿ ಯಾರನ್ನಾದರೂ ಹುಡುಕೋಣ. ಚಿತ್ರ ಮಾತ್ರ ಕಳಿಸುತ್ತಿಲ್ಲ. ಅದನ್ನು ಅಳಿಸಿಬಿಟ್ಟೆ.

ಬೈಗುಳಕ್ಕೆ ತಲೆಯೊಡ್ಡಿ ಕೂತಿರುವ,
ನಿನ್ನ ಇಲಿಮರಿ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು, ಬೀರುವಿನ ಮೇಲಿನ ದೊಡ್ಡ ಬ್ಯಾಗ್ ಇಳಿಸಿಕೊಡು ಅಂದಳು. 'ಪಾಪ, ಅವಳೊಬ್ಳೇ ಏನ್ ಮಾಡ್ತಾಳೆ. ಸೋಮವಾರ ಹೊರಡ್ತೀನಿ. ಅವತ್ತು ನಾನ್ ಅಂದಿದ್ದೆಲ್ಲ ಮರ್ತುಬಿಡು' ಅಂದಳು. ಈಜಿನ ಟೋಪಿಯನ್ನು ಪಕ್ಕದ ಮನೆಯ ಟೀಚರಿಗೆ ಕೊಟ್ಟು ಬಂದಿದ್ದಾಳೆ. ನೀನು ಇದನ್ನು ಓದುವಷ್ಟರಲ್ಲಿ ಅವಳು ನಿನಗೆ ಫೋನ್ ಮಾಡಿ, ತುಂಬ ಖುಷಿಯ ದನಿಯಲ್ಲಿ ಬರುತ್ತೇನೆ ಅಂದಿರುತ್ತಾಳೆ, ನಂಬಬೇಡ. ಈ ಕಾಗದ ನಾಳೆಯೇ ನಿನ್ನ ಕೈಸೇರುವಂತೆ ಕೊರಿಯರ್ ಮಾಡುತ್ತಿದ್ದೇನೆ. ನಾನು ತಡೆದರೆ ಅವಳು ಕೇಳುವುದಿಲ್ಲ. ದಮ್ಮಯ್ಯ ಅಕ್ಕಾ, ಕೋಪ ಮಾಡಿಕೊಂಡಾದರೂ ಸರಿ, ಬರಬೇಡ ಅಂತ ನೀನೇ ಹೇಳು.