ಹಿಂದೆ ನಿಲ್ಲೋರಿಗೆ ಒಂದು ಲೆನ್ಸ್

ಮಾರ್ಚ್ ೩, ಸೋಮವಾರ

ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾಯ್ತು. ಬ್ಯಾಟರಿ ಚಾರ್ಜಿಗೆ ಇಟ್ಟಿದ್ದಾಯ್ತು. ನಿನ್ನೆಯ ಹುಟ್ಟುಹಬ್ಬದ ಫೋಟೋ ಕಂಪ್ಯೂಟರಿಗೆ ಇಳಿಸ್ತಾ ಕೂತಿದ್ದೆ. ಮಗ ಬಂದು ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತ. ಅವನು ಹಾಗೆ ಕೂತ ಅಂದ್ರೆ ಏನೋ ಕಾದಿದೆ ಅಂತಲೇ ಲೆಕ್ಕ.

"ಅಮ್ಮ, ದೂರದಿಂದ ತೆಗೆಯೋಕೆ ಒಂದು ಟೆಲಿ ಝೂಮ್ ಲೆನ್ಸ್ ತಗೊಳ್ಳೋಣ. ನಿನಗೆ."

ನನಗೆ. ಇಷ್ಟು ವರ್ಷ ಕೇಳಿ ಕೇಳಿ ಬಾಯಿ ಒಣಗಿತ್ತು, ಆಗೆಲ್ಲ ನೋಡೋಣ ಅಂತಿದ್ದ. ಈಗ ತಾನಾಗೇ ಬಂದಿದಾನೆ. ಖುಷಿ ಆಗಬೇಕಿತ್ತು. ಆಯ್ತು ಕೂಡ, ಒಂದು ಗಳಿಗೆ. ಆಮೇಲೆ ಅಂದ — "ನೀನು ಹಾಲ್ ಹಿಂದೆ ಆರಾಮಾಗಿ ನಿಂತ್ಕೊಂಡು ಕ್ಯಾಂಡಿಡ್ ತೆಗಿ. ಸ್ಟೇಜ್ ನಾನು ನೋಡ್ಕೋತೀನಿ."

ಆರಾಮಾಗಿ. ಈ ಮಾತು ಕೇಳಿದ್ರೇ ಮೈ ಉರಿಯತ್ತೆ. ಹೋದ ವರ್ಷ ಮುಖದ ಎಡಭಾಗದ ನರ ಕೈಕೊಟ್ಟಾಗಿಂದ ಎಲ್ಲರೂ ನನಗೆ ಆರಾಮ ಹಂಚ್ತಾ ಇದಾರೆ. ಆರು ತಿಂಗಳಲ್ಲಿ ಸರಿಹೋಗತ್ತೆ ಅಂದ್ರು ಡಾಕ್ಟರು. ಎಡಗಡೆ ತುಟಿ ಇನ್ನೂ ಜೋತುಕೊಂಡೇ ಇದೆ, ಎಡಗಣ್ಣು ಪೂರ್ತಿ ಮುಚ್ಚಲ್ಲ. ಬಲಗಡೆ ನಗತ್ತೆ, ಎಡಗಡೆ ಸುಮ್ಮನೆ ನೋಡ್ತಾ ಇರತ್ತೆ. ಅಷ್ಟೇ. ಕೈ ನೆಟ್ಟಗಿದೆ, ಕಾಲು ನೆಟ್ಟಗಿದೆ, ಬುದ್ಧಿ ಇವರೆಲ್ಲರಿಗಿಂತ ನೆಟ್ಟಗಿದೆ.

ಈ ಸ್ಟುಡಿಯೋ ಶುರು ಮಾಡಿದೋಳು ನಾನು. ಜನರ ಮುಂದೆ ನಿಂತು, "ಅಣ್ಣ ಹೊಟ್ಟೆ ಒಳಗೆ, ಅಕ್ಕ ಗದ್ದ ಮೇಲೆ" ಅಂತ ಗಂಟಲು ಹರ್ಕೊಂಡು ಫೋಟೋ ತೆಗೆದೋಳು. ಕಂಬದ ಮರೆಯಿಂದ ಕದ್ದು ತೆಗೆದೋಳಲ್ಲ. ಆದ್ರೂ 'ಆಯ್ತು, ನೋಡೋಣ' ಅಂದೆ. ಲೆನ್ಸ್ ಅಂದ್ರೆ ಜೊಲ್ಲು ಸುರಿಸ್ತೀನಿ. ನಾಚಿಕೆ ಇಲ್ಲ ನನಗೆ.

ಮಾರ್ಚ್ ೫, ಬುಧವಾರ

ಕ್ಯಾಮೆರಾ ಅಂಗಡಿಗೆ ಹೋಗಿದ್ವಿ. ಅಂಗಡಿಯವನು ರೀಲಿನ ಕಾಲದಿಂದ ಪರಿಚಯ. ಮೊದಲೆಲ್ಲ ಕಂಡ ತಕ್ಷಣ 'ಬನ್ನಿ ಮೇಡಂ' ಅಂತ ಹಲ್ಲು ಕಿರಿಯೋನು, ಇವತ್ತು ಮಗನ ಮುಖ ನೋಡ್ಕೊಂಡೇ ಮಾತಾಡಿದ. ಪ್ರಶ್ನೆ ನಂದು, ಉತ್ತರ ಅವನಿಗೆ. ನನ್ನ ಬಗ್ಗೆ ಕೇಳೋದೂ ಅವನನ್ನೇ. "ಮೇಡಂ ಎಷ್ಟು ದೂರದಿಂದ ತೆಗೀತಾರೆ? ಮೇಡಂಗೆ ಭಾರ ಆಗಲ್ವಾ?"

ಮೇಡಂ ಇಲ್ಲೇ ಇದಾಳೆ ಕಣಯ್ಯ, ನನ್ನನ್ನೇ ಕೇಳು ಅಂದೆ. ಬಿಲ್ ಹಾಕೋ ಹುಡುಗಿ ತಲೆ ಬಗ್ಗಿಸಿದ್ಲು.

ಮೂರು ತಂದಿಟ್ಟ. ಸೆವೆಂಟಿ-ಟು-ಹಂಡ್ರೆಡ್, ಟು ಪಾಯಿಂಟ್ ಏಟ್ — ಮಂಕು ಬೆಳಕಲ್ಲೂ ಕೆಲಸ ಮಾಡೋದು, ಎತ್ತಿದ್ರೆ ಕಲ್ಲುಗುಂಡು. ಅದರ ತಮ್ಮ ಎಫ್ ಫೋರ್ — ಭಾರವೂ ಅರ್ಧ, ಬೆಳಕೂ ಅರ್ಧ. ಮೂರನೇದು ಹಂಡ್ರೆಡ್-ಫೋರ್‌ಹಂಡ್ರೆಡ್. "ಇದಿದ್ರೆ ಹಾಲ್ ಆಚೆ ಗೇಟ್ ಹತ್ರ ನಿಂತೂ ತೆಗೀಬಹುದು" ಅಂದ. ಮಗ ಖುಷಿಯಿಂದ ನನ್ನ ಕಡೆ ನೋಡ್ದ. ಗೇಟ್ ಹತ್ರ. ಇನ್ನೂ ಸ್ವಲ್ಪ ಉದ್ದದ್ದು ಸಿಕ್ಕಿದ್ರೆ ನನ್ನ ಮನೇಲೇ ಕೂರಿಸ್ತಿದ್ರೇನೋ.

ಇನ್ನೊಂದು ತಾಪತ್ರಯ. ಬಲಗಣ್ಣಲ್ಲಿ ನೋಡುವಾಗ ಎಡಗಣ್ಣು ಮುಚ್ಚಬೇಕು. ಮುಚ್ಚಲ್ಲ. ಚಿಕ್ಕ ಲೆನ್ಸಲ್ಲಿ ಹೇಗೋ ನಡೀತಿತ್ತು. ಇದರಲ್ಲಿ ಬಲಗಣ್ಣಿಗೆ ಎದುರು ಬೀದಿ ದರ್ಜಿಯ ಮೀಸೆ ಒಂದೊಂದೇ ಕೂದಲಾಗಿ ಕಾಣತ್ತೆ, ಎಡಗಣ್ಣಿಗೆ ಅಂಗಡಿ ಗೋಡೆ. ಎರಡೂ ಒಂದರ ಮೇಲೊಂದು. ಕೈಯಲ್ಲಿ ರೆಪ್ಪೆ ಒತ್ತಿಕೊಳ್ಳೋಣ ಅಂದ್ರೆ ಆ ಕೈ ಲೆನ್ಸ್ ಹೊತ್ತಿದೆ. ತಲೆ ಸುತ್ತು ಬಂತು. ಯಾರಿಗೂ ಹೇಳಲಿಲ್ಲ. ಮೂರನ್ನೂ ಬಾಡಿಗೆಗೆ ತಂದು ನೋಡಿ ಆರಿಸೋದು ಅಂತ ಆಯ್ತು.

ಮಾರ್ಚ್ ೮, ಶನಿವಾರ, ಮಧ್ಯಾಹ್ನ

ಮಲಗುವಾಗ ರೆಪ್ಪೆಗೆ ಅಂಟಿಸೋ ಟೇಪ್ ಇದೆಯಲ್ಲ, ಅದನ್ನೇ ಅಂಟಿಸ್ಕೊಂಡೆ. ಕೆಲಸ ಆಯ್ತು. ಇವರು ನೋಡಿ "ಕಡಲ್ಗಳ್ಳರ ಸರದಾರಿಣಿ ಥರ ಇದೀಯ" ಅಂದ್ರು. ಮದುವೆಯಾದಾಗಿಂದ ಇವರ ಜೋಕಿಗೆ ನಾನೊಬ್ಬಳೇ ನಗ್ತಾ ಬಂದಿದೀನಿ. ಇವತ್ತು ನಗಲಿಲ್ಲ.

ಇವರನ್ನೇ ಮನೆಯೊಳಗಿನ ಉದ್ದ ಪಡಸಾಲೆಯ ಆ ತುದಿಗೆ ನಿಲ್ಲಿಸಿದೆ, ಪೇಪರ್ ಸಮೇತ. ಮೊದಲು ಹಂಡ್ರೆಡ್-ಫೋರ್‌ಹಂಡ್ರೆಡ್. ಒಳಗಿನ ಬೆಳಕು ಸಾಲದೆ ಐಎಸ್‌ಒ ಏರಿಸಿ ಏರಿಸಿ, ಇವರ ಮುಖಕ್ಕೆ ಮರಳು ಚೆಲ್ಲಿದ ಹಾಗೆ ಬಂತು. ಅದನ್ನ ಪಕ್ಕಕ್ಕಿಟ್ಟೆ. ಎಫ್ ಫೋರ್ ಹಗುರ, ಚುರುಕು, ಬಿಸಿಲಲ್ಲಿ ಬೊಂಬಾಟ್. ಆದ್ರೆ ಹಾಲ್ ಅಂದ್ರೆ ಬಿಸಿಲಾ? ಇವರು ಪೇಪರ್ ಮಗುಚಿದ್ರೆ ಕೈ ಮಸುಕು. ಲೆನ್ಸ್ ಒಳಗಿನ ಸ್ಟೆಬಿಲೈಸರ್ ನನ್ನ ಕೈನಡುಕ ನಿಲ್ಲಿಸತ್ತೆ, ಇವರನ್ನ ನಿಲ್ಲಿಸೋಕಾಗತ್ತಾ.

ಆಮೇಲೆ ಟು ಪಾಯಿಂಟ್ ಏಟ್. ಹಿಂದಿನ ವೈರು, ಸುಣ್ಣ ಉದುರಿದ ಗೋಡೆ, ಚಪ್ಪಲಿ ಗೂಡು ಎಲ್ಲ ಕರಗಿ ಹೋಗಿ ಇವರೊಬ್ಬರೇ ಉಳಿದ್ರು. ಇವರು ಇಷ್ಟು ಚೆನ್ನಾಗಿದಾರೆ ಅಂತ ನನಗೇ ಗೊತ್ತಿರಲಿಲ್ಲ. ಹೇಳಲಿಲ್ಲ, ಹೇಳಿದ್ರೆ ತಲೆ ಮೇಲೆ ಕೂರ್ತಾರೆ.

ಆದ್ರೆ ಒಂದು. "ಬಲಕ್ಕೆ ಬನ್ನಿ" ಅಂದೆ. "ಏನಂದೆ?" ಅಂದ್ರು. ಬ ಅಂದ್ರೆ ತುಟಿ ಸಂದಿಯಲ್ಲಿ ಗಾಳಿ ಸೋರತ್ತೆ ನನಗೆ. ಹತ್ತಿರ ಇದ್ರೆ ತೋಳು ಹಿಡಿದು ತಿರುಗಿಸ್ತೀನಿ, ಕೈಯಲ್ಲೇ ಹೇಳ್ತೀನಿ. ಅಷ್ಟು ದೂರದಿಂದ ಕೂಗಿ ಕೂಗಿ ಸಾಕಾಯ್ತು. ಕೊನೆಗೆ ಇವರು ಎಡಕ್ಕೆ ಹೋಗಿ ನಿಂತ್ರು.

ಮಾರ್ಚ್ ೯, ಭಾನುವಾರ

ಬ್ಯಾಂಕ್ ಮ್ಯಾನೇಜರ್ ಬೀಳ್ಕೊಡುಗೆ. ಮಗ ಸ್ಟೇಜ್ ಮೇಲೆ, ನಾನು ಹಿಂದೆ, ಕಣ್ಣಿಗೆ ಟೇಪು, ಕೈಯಲ್ಲಿ ಟು ಪಾಯಿಂಟ್ ಏಟ್. ಯಾರೋ ಕುರ್ಚಿ ತಂದುಕೊಟ್ರು, ಕಾಯಿಲೆಯವಳಿಗೆ ಕೊಟ್ಟ ಹಾಗೆ.

ಫೋಟೋ ಚೆನ್ನಾಗಿ ಬಂದಿವೆ. ಅದೇ ಹೊಟ್ಟೆ ಉರಿ. ಮ್ಯಾನೇಜರ್ ಹೆಂಡತಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳೋದು, ಜವಾನ ಹಾರದ ಎಳೆ ಬಿಡಿಸೋದು... ಇಂಥವು ಮುಂದೆ ನಿಂತ್ರೆ ಸಿಗಲ್ಲ, ಸುಳ್ಳು ಹೇಳಲ್ಲ. ಮಗ ನೋಡಿ "ಅಮ್ಮ, ಸೂಪರ್" ಅಂದ. ಆದ್ರೆ ಅಷ್ಟೂ ಫೋಟೋದಲ್ಲಿ ಒಬ್ಬರೂ ನನ್ನ ನೋಡ್ತಿಲ್ಲ. ಇಷ್ಟು ದಿನ ನಾನು ತೆಗೆದದ್ದೆಲ್ಲ ನನ್ನ ನೋಡ್ತಿರೋ ಮುಖಗಳು. ಇವತ್ತು ಆ ಹಾಲಲ್ಲಿ ನಾನು ಇದ್ದೆ ಅನ್ನೋದಕ್ಕೇ ಸಾಕ್ಷಿ ಇಲ್ಲ.

ಮಾರ್ಚ್ ೧೨, ಬುಧವಾರ

ಬರೀದಿದ್ರೆ ಏನಾದ್ರೂ ಒಡೆದು ಹಾಕ್ತೀನಿ.

ಬೆಳಿಗ್ಗೆ ಬಟ್ಟೆ ಅಂಗಡಿ ಯಜಮಾನಿ ಬಂದಿದ್ರು. ಮುಂದಿನ ತಿಂಗಳು ಮಗಳ ಮದುವೆ, ನಮ್ಮದೇ ಫೋಟೋ. ಆ ಹುಡುಗಿಯ ಮೊದಲ ಹಲ್ಲಿನ ಫೋಟೋ ತೆಗೆದೋಳು ನಾನು. ಮಗ ಇರಲಿಲ್ಲ. ಆಲ್ಬಮ್ಮಿನ ರಟ್ಟು ಆರಿಸ್ತಾ ಆರಿಸ್ತಾ, ತುಂಬಾ ಮೆತ್ತಗೆ ಅಂದ್ರು —

"ನೀವು ಬೇಜಾರು ಮಾಡ್ಕೊಳ್ಳಲಿಲ್ಲ ಅಂತ ನಿಮ್ಮ ಮಗ ಹೇಳಿದ್ರು, ಸದ್ಯ. ಸ್ಟೇಜ್ ಮೇಲೆ ನೀವಿದ್ರೆ ಎಲ್ಲರ ಕಣ್ಣೂ ನಿಮ್ಮ ಮುಖದ ಮೇಲೆ ಹೋಗತ್ತೆ, ಮಕ್ಕಳೂ ಹೆದರ್ಕೋತವೆ, ಅದಕ್ಕೇ ಕೇಳ್ಕೊಂಡ್ವಿ. ಅಮ್ಮ ಹಿಂದೆ ಇರ್ತಾರೆ, ಅದಕ್ಕಂತಲೇ ದೊಡ್ಡ ಲೆನ್ಸ್ ತರ್ತಿದೀವಿ ಅಂದ್ರು. ಪಾಪ, ಒಳ್ಳೇ ಹುಡುಗ."

ಒಳ್ಳೇ ಹುಡುಗ. ಕಂದು ಬಣ್ಣದ ರಟ್ಟು ಆರಿಸಿದ್ರು. ಚೆನ್ನಾಗಿದೆ ಅಂದೆ. ಬಾಗಿಲ ತನಕ ಕಳಿಸಿಕೊಟ್ಟೆ. ಅಷ್ಟು ಮರ್ಯಾದೆ ನನಗೆ ಎಲ್ಲಿಂದ ಬಂತೋ.

ಅದೇ ದಿನ, ಸಂಜೆ

ಮಗ ಬಂದ ತಕ್ಷಣ ಕೇಳಿದೆ. ಬಿಳಿಚಿಕೊಂಡ.

"ಜಗಳ ಯಾಕೆ ಅಂತ ಹೂಂ ಅಂದೆ. ನಿನಗೆ ಗೊತ್ತಾದ್ರೆ ನೋವಾಗತ್ತೆ ಅಂತ ಹೇಳಲಿಲ್ಲ."

"ಅವರು ಅಂದಿದ್ದಕ್ಕೆ ನೋವಿಲ್ಲ ಕಣೋ. ಹೊರಗಿನೋರು, ಅಂತಾರೆ, ಹೋಗ್ತಾರೆ. ನೀನು ಹೂಂ ಅಂದೆಯಲ್ಲ."

"ಮತ್ತೇನು ಹೇಳಬೇಕಿತ್ತು?"

"ನಮ್ಮಮ್ಮ ಮುಂದೇನೇ ಇರ್ತಾರೆ, ಬೇಡ ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ ಅನ್ನಬೇಕಿತ್ತು. ನಾಲ್ಕು ಮಾತು. ನಾಲಿಗೆ ಬಿದ್ದು ಹೋಗಿತ್ತಾ? ನರ ಕೈಕೊಟ್ಟಿದ್ದು ನನಗೋ ನಿನಗೋ?"

ಇವರು ಪೇಪರ್ ಕೆಳಗಿಟ್ಟು, "ಹೋಗಲಿ ಬಿಡೇ, ಅವನು ನಿನ್ನ ಒಳ್ಳೇದಕ್ಕೇ ಮಾಡಿದ್ದು" ಅಂದ್ರು. ಇವರಿಗೂ ಸರಿಯಾಗಿ ಕೊಟ್ಟೆ. ಉಡುಗೊರೆ ಅಂತ ತಂದು ಕೈಗಿಟ್ರಲ್ಲ, ಅದೇ ನನಗೆ ತಡೆಯೋಕಾಗ್ತಿಲ್ಲ. ನೇರವಾಗಿ 'ಅಮ್ಮ, ನಿನ್ನ ಮುಖ ನೋಡಿ ಗಿರಾಕಿ ಓಡ್ತಾರೆ' ಅಂದಿದ್ರೆ ಒಂದು ಕಪಾಳಕ್ಕೆ ಬಿಟ್ಟು ಸುಮ್ಮನಾಗ್ತಿದ್ದೆ. ಅದು ಬಿಟ್ಟು ನನ್ನ ಆಸೆಯನ್ನೇ ಹಿಡ್ಕೊಂಡು ನನ್ನ ಹಿಂದಕ್ಕೆ ತಳ್ಳಿದ್ರು. ಥೂ.

ಮಾರ್ಚ್ ೧೭, ಸೋಮವಾರ

ಮಾತಿಲ್ಲ ಕತೆಯಿಲ್ಲ. ಮನೇಲಿ ಪಾತ್ರೆ ಸದ್ದೊಂದೇ. ಸಿಟ್ಟಲ್ಲಿ ಕೂತು ಮಗ ಸ್ಟೇಜ್ ಮೇಲೆ ತೆಗೆದದ್ದನ್ನೆಲ್ಲ ತೆಗೆದು ನೋಡಿದೆ. ತಪ್ಪು ಹುಡುಕೋಣ ಅಂತಲೇ. ಹುಡುಕೋ ಕಷ್ಟವೇ ಆಗಲಿಲ್ಲ. ಎಲ್ಲರೂ ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ. ಮಗ ಜನರ ಮುಂದೆ ನಿಂತ್ರೆ ಮೊಣಕಾಲು ನೋಡ್ತಾನೆ, 'ಸ್ಮೈಲ್ ಪ್ಲೀಸ್' ಅಂತ ಗಂಟಲೊಳಗೇ ಗೊಣಗ್ತಾನೆ. ಅವನಿಗೂ ಅದು ಹಿಂಸೆ, ನಿಂತೋರಿಗೂ ಹಿಂಸೆ.

ಹಿಂದೆ ನಿಲ್ಲೋ ಸ್ವಭಾವ ಇರೋದು ಅವನಿಗೆ. ಉದ್ದ ಆಳು, ಮಾತು ಕಮ್ಮಿ, ಒಂದೇ ಕಡೆ ಗೂಬೆ ಥರ ಕೂರಬಲ್ಲ. ನನಗೆ ಯಾಕೆ ಇಷ್ಟು ದಿನ ಹೊಳೀಲಿಲ್ಲ.

ಒಬ್ಬಳೇ ಕ್ಯಾಮೆರಾ ಅಂಗಡಿಗೆ ಹೋದೆ. ಅಂಗಡಿಯವನಿಗೆ ನೋಡೋಕೆ ಮಗ ಇರಲಿಲ್ಲ, ಕಷ್ಟಪಟ್ಟು ನನ್ನನ್ನೇ ನೋಡಿದ. ಟು ಪಾಯಿಂಟ್ ಏಟ್ ಎರಡು ಕಂಪನಿಯದು ತೆಗೆಸಿದೆ. ಒಂದರ ಝೂಮ್ ರಿಂಗ್ ಕ್ಯಾಮೆರಾ ಹತ್ತಿರ, ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿದೆ. ಇನ್ನೊಂದರ ರಿಂಗ್ ಮುಂದೆ, ತೋಳು ಉದ್ದ ಇರಬೇಕು. ರಿಂಗ್ ಮುಂದಿರೋದನ್ನೇ ಕೊಡು ಅಂದೆ.

"ಮೇಡಂ, ನಿಮ್ಮ ಕೈಗೆ ಅದು ಎಟುಕಲ್ಲ."

"ನನಗಲ್ಲ."

ಮನೆಗೆ ಬಂದು ಬಟ್ಟೆ ಅಂಗಡಿ ಯಜಮಾನಿಗೆ ಫೋನ್ ಮಾಡಿದೆ. ಸ್ಟೇಜ್ ಮೇಲೆ ನಾನೇ ಇರ್ತೀನಿ, ಮಕ್ಕಳು ಹೆದರಿದ್ರೆ ನಾನೇ ಸಮಾಧಾನ ಮಾಡ್ತೀನಿ, ಆಗಲ್ಲ ಅಂದ್ರೆ ಈಗಲೇ ಹೇಳಿ ಅಂದೆ. "ಯಜಮಾನರನ್ನ ಕೇಳಿ ಹೇಳ್ತೀನಿ" ಅಂದ್ರು.

ಲೆನ್ಸ್ ಡಬ್ಬ ಮಗನ ಮುಂದೆ ಇಟ್ಟೆ. "ಹಿಂದೆ ನೀನು ನಿಂತ್ಕೋ" ಅಂದೆ. ಅಷ್ಟೇ ಮಾತಾಡಿದ್ದು. ಡಬ್ಬ ನೋಡ್ದ, ನನ್ನ ನೋಡ್ದ.

ಮಾರ್ಚ್ ೨೩, ಭಾನುವಾರ

ಬಟ್ಟೆ ಅಂಗಡಿಯವರು ಬೇರೆಯವರನ್ನ ಗೊತ್ತು ಮಾಡ್ಕೊಂಡ್ರಂತೆ. ಆ ಹುಡುಗಿಯ ಮದುವೆ ನಾನು ತೆಗೆಯಲ್ಲ. ಅಡುಗೆಮನೇಲಿ ನಿಂತು ಅತ್ತೆ. ಎಡಗಣ್ಣಲ್ಲಿ ಯಾವಾಗಲೂ ನೀರು ಬರತ್ತೆ, ಯಾರಿಗೂ ಗೊತ್ತಾಗಲ್ಲ, ಅದೊಂದು ಅನುಕೂಲ.

ಇವರು "ಈಗ ಸಮಾಧಾನ ಆಯ್ತಾ?" ಅಂದ್ರು. ಇಲ್ಲ. ಸಮಾಧಾನಕ್ಕೆ ಮಾಡಿದ್ದಲ್ಲ ಅಂದೆ. ಮಗ ತಟ್ಟೆ ತೊಳೀತಿದ್ದ. ತಿರುಗದೇ ಅಂದ, "ಅಪ್ಪ, ಸುಮ್ನಿರಿ." ಅಪ್ಪನಿಗೆ ಅವನು ಹಾಗೆ ಅಂದಿದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ.

ಮಾರ್ಚ್ ೩೦, ಭಾನುವಾರ

ಹಳೇ ವಿದ್ಯಾರ್ಥಿಗಳ ಕೂಟ. ದೊಡ್ಡ ಗುಂಪು, ನಾಲ್ಕು ಸಾಲು. ಯಾರೂ ಏನೂ ಷರತ್ತು ಹಾಕಿರಲಿಲ್ಲ. ಮೆಟ್ಟಿಲು ಹತ್ತಿ ಎಲ್ಲರ ಮುಂದೆ ನಿಂತೆ. ಒಂದಷ್ಟು ಜನ ನೋಡಿದ್ರು, ಆಮೇಲೆ ಬೇಗ ಬೇಗ ಬೇರೆ ಕಡೆ ನೋಡಿದ್ರು. ಮುಂದಿನ ಸಾಲಲ್ಲಿ ಯಾರದೋ ಪುಟ್ಟ ಹುಡುಗಿ, "ಆಂಟಿ, ನಿಮ್ಮ ಬಾಯಿ ಯಾಕೆ ಹಾಗಿದೆ?" ಅಂದ್ಲು. ಅವಳಮ್ಮ ಬಾಯಿ ಮುಚ್ಚೋಕೆ ಹೋದ್ಲು.

"ಕೆಟ್ಟು ಹೋಗಿದೆ. ರಿಪೇರಿ ಆಗ್ತಿಲ್ಲ. ನಿನ್ನ ಮುಂದಿನ ಹಲ್ಲು ಎಲ್ಲಿ?" ಅಂದೆ.

"ಬಿದ್ದು ಹೋಯ್ತು."

"ಹಂಗಾದ್ರೆ ಸರಿಹೋಯ್ತು. ನಿಂತ್ಕೋ ನೆಟ್ಟಗೆ. ಏನ್ರೀ ಕನ್ನಡಕ, ಹಿಂದಿನ ಸಾಲು, ಹೊಟ್ಟೆ ಒಳಗೆ. ಅಕ್ಕ, ಗದ್ದ ಮೇಲೆ. ಎಲ್ಲಿ ನೋಡ್ತಿದೀರ, ಇಲ್ಲಿ ನೋಡಿ, ನನ್ನ ನೋಡಿ."

ನೋಡಿದ್ರು. ಅಷ್ಟೂ ಜನ.

ಮಗ ಹಿಂದಿದ್ದ, ನನ್ನ ಎಡಬದಿಯ ಗೋಡೆಗೆ ಒರಗಿ.

ಮಾರ್ಚ್ ೩೧, ಸೋಮವಾರ

ನಿನ್ನೆಯದ್ದು ಇಳಿಸ್ತಿದ್ದೆ. ಅವನ ಕಾರ್ಡಲ್ಲಿ ಒಂದು ಫೋಟೋ. ನಂದು. ಮುಖ ಹೀಗಾದ ಮೇಲೆ ನನ್ನ ಯಾರೂ ತೆಗೆದಿರಲಿಲ್ಲ, ನಾನು ಬಿಟ್ಟಿರಲಿಲ್ಲ. ಎಡಕ್ಕೆ ತಿರುಗಿ ಕೈ ಎತ್ತಿ ಕೂಗ್ತಿದೀನಿ, ಬಾಯಿ ಒಂದು ಕಡೆಗೆ ಹೋಗಿದೆ, ಕುತ್ತಿಗೆ ನರ ಉಬ್ಬಿದೆ. ಹಿಂದೆ ಜನ ಎಲ್ಲ ಕರಗಿ ಬಣ್ಣ ಆಗಿದಾರೆ.

ಕೂಗಿ ಕರೆದೆ. "ಕೇಳದೆ ಯಾಕೋ ತೆಗೆದೆ? ಅಳಿಸು."

"ಅಳಿಸಲ್ಲ."

"ಅಳಿಸು ಅಂದ್ನಲ್ಲ."

"ಅಳಿಸಲ್ಲ ಅಂದ್ನಲ್ಲಮ್ಮ."

ಜಗಳಕ್ಕೆ ಕಾರಣ ಬೇಕಲ್ಲ, ದೊಡ್ಡದು ಮಾಡಿ ನೋಡಿದೆ. ಕೈ ಅಲುಗಿಲ್ಲ. ಫೋಕಸ್ ಸರಿಯಾಗಿ ಎಡಗಣ್ಣಿನ ಮೇಲೆ, ಮುಚ್ಚದೇ ಇರೋ ಕಣ್ಣಿನ ಮೇಲೇ ಕೂತಿದೆ. ಒಂದೊಂದು ರೆಪ್ಪೆಗೂದಲು ಎಣಿಸಬಹುದು. ಬಲಗಣ್ಣು ಸ್ವಲ್ಪ ಮೆತ್ತಗಿದೆ.

"ಒಳ್ಳೇ ಕಣ್ಣು ಬಿಟ್ಟು ಇದಕ್ಕ್ಯಾಕೆ ಇಟ್ಟೆ?"

ನನಗೆ ತಲೆ ಸರಿಯಿಲ್ಲವೇನೋ ಅನ್ನೋ ಹಾಗೆ ನೋಡ್ದ. "ನನಗೆ ಹತ್ತಿರ ಇದ್ದಿದ್ದು ಅದೇ ಕಣ್ಣಲ್ವಾ" ಅಂದ.

ಯಾರ ಮುಖಕ್ಕಾದ್ರೂ ಹಾಗೇ ಇಡೋದು. ಹತ್ತಿರದ ಕಣ್ಣಿಗೆ. ಬೇರೆ ಏನೂ ಯೋಚನೆ ಮಾಡಿಲ್ಲ ಅವನು. ಸಿಟ್ಟು ಹೋಗಿಲ್ಲ, ಹೂಂ ಅಂದಿದ್ದನ್ನ ನಾನು ಸಾಯೋ ತನಕ ಮರೆಯಲ್ಲ, ಅದು ಬೇರೆ. ಸಂಜೆ ಬಂದು, ಹೊರಗಿನ ಶೋಕೇಸಲ್ಲಿ ಹಾಕ್ತೀನಿ ಅಂದ. ಹಾಕಿದ್ರೆ ಕೈ ಮುರೀತೀನಿ ಅಂದೆ. ಹನ್ನೆರಡು-ಹದಿನೆಂಟು ಇಂಚಲ್ಲಿ ಪ್ರಿಂಟಿಗೆ ಕೊಡ್ತೀನಿ ಅಂದ. ಅಷ್ಟು ಚಿಕ್ಕದಾಗಿ ಯಾಕೋ, ಬೀದಿ ಆ ಕಡೆಯಿಂದ ಯಾರಿಗೆ ಕಾಣತ್ತೆ, ಹಾಕೋದೇ ಆದ್ರೆ ಇಪ್ಪತ್ತು-ಮೂವತ್ತರಲ್ಲಿ ಹಾಕು ಅಂದೆ.